ನಗರದ ಮಕ್ಕಳೂ ನೀರಿನ ದಾರಿಯೂ

ನೀರು ಎಲ್ಲಿಂದ ಬರುತ್ತದೆಂದು ನಗರದ ಮಗುವನ್ನು ಕೇಳಿದರೆ "ನಲ್ಲಿಯಿಂದ" ಎಂಬ ಉತ್ತರ ಥಟ್ಟನೆ ಬರುತ್ತದೆ. ಬಳಸಿದ ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ "ಮೋರಿಗೆ" ಎನ್ನುತ್ತದೆ. ಈ ಎರಡು ಉತ್ತರಗಳೂ ತಪ್ಪಲ್ಲ. ಆದರೆ ಎರಡೂ ಅರ್ಧಕ್ಕೇ ನಿಂತ ಉತ್ತರಗಳು. ಹಳ್ಳಿಯಲ್ಲಿ ಬೆಳೆಯುವ ಮಗು ಕೆರೆಯ ಏರಿಯನ್ನೂ ತೂಬನ್ನೂ ಕೋಡಿಯನ್ನೂ ಕಣ್ಣಾರೆ ಕಂಡಿರುತ್ತದೆ. ಬೇಸಗೆಯಲ್ಲಿ ಬಾವಿಯ ನೀರು ಎಷ್ಟು ಮಾರು ಕೆಳಗಿಳಿಯುತ್ತದೆಂಬುದನ್ನು ಬಲ್ಲದು. ನಗರದಲ್ಲಾದರೋ ನೀರಿನ ಪ್ರಯಾಣವೆಲ್ಲ ನೆಲದೊಳಗಿನ ಕೊಳವೆಗಳಲ್ಲಿ ನಡೆಯುತ್ತದೆ. ಮಗುವಿನ ಕಣ್ಣಿಗೆ ಬೀಳುವುದು ನಲ್ಲಿಯ ಬಾಯಿಂದ ಬಚ್ಚಲ ಕಂಡಿಯವರೆಗಿನ ಎರಡು ಮೂರು ಅಡಿಗಳ ದಾರಿ ಮಾತ್ರ. ಅದರ ಹಿಂದಿರುವ ನೂರು ಕಿಲೊಮೀಟರನ್ನೂ ಮುಂದಿರುವ ನೂರಾರು ಕಿಲೊಮೀಟರನ್ನೂ ಆ ಮಗುವಿಗೆ ಕಾಣಿಸಿಕೊಡುವುದು ಹೇಗೆ? ಇದು ಇಂದು ನಗರದ ಉಪಾಧ್ಯಾಯರ ಮುಂದಿರುವ ದೊಡ್ಡ ಪ್ರಶ್ನೆಗಳಲ್ಲೊಂದು.

ಪರಿಸರದ ವಿಷಯವನ್ನು ಶಾಲಾ ಕಾಲೇಜುಗಳಲ್ಲಿ ಬೋಧಿಸಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿಯೇ ನಿರ್ದೇಶಿಸಿತು. ಅದರಂತೆ ಪಠ್ಯಪುಸ್ತಕಗಳಲ್ಲಿ ಪಾಠಗಳೂ ಬಂದಿವೆ. ಆದರೆ ಆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಜಲಚಕ್ರದ ಚಿತ್ರವನ್ನು ವಾಚಕರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಒಂದು ಕಡೆ ಸಮುದ್ರ, ಮೇಲೆ ಮೋಡ, ಇನ್ನೊಂದು ಕಡೆ ಬೆಟ್ಟ, ನಡುವೆ ಹರಿಯುವ ನದಿ. ಚಿತ್ರ ಸರಿಯಾದುದೇ, ಆದರೆ ಅದರಲ್ಲಿ ಊರೂ ಇಲ್ಲ, ನಲ್ಲಿಯೂ ಇಲ್ಲ, ಚರಂಡಿಯೂ ಇಲ್ಲ. ಈ ಚಿತ್ರವನ್ನು ಬರೆದು ಪೂರ್ಣ ಅಂಕ ಗಳಿಸಿದ ವಿದ್ಯಾರ್ಥಿಗೆ ತನ್ನ ಬೀದಿಯ ಮಳೆನೀರು ಯಾವ ದಿಕ್ಕಿಗೆ ಹರಿಯುತ್ತದೆಂಬುದು ತಿಳಿಯದಿರಬಹುದು. ಪುಸ್ತಕದ ಜಲಚಕ್ರದಲ್ಲಿ ತನ್ನ ಮನೆ ಎಲ್ಲಿದೆಯೆಂದು ಮಗು ಬೆರಳಿಟ್ಟು ತೋರಿಸುವಂತೆ ಮಾಡುವುದೇ ನಗರದಲ್ಲಿ ಜಲಶಿಕ್ಷಣದ ಗುರಿ. ಬೆಂಗಳೂರನ್ನೇ ಉದಾಹರಣೆಯಾಗಿಟ್ಟುಕೊಂಡು ಇದನ್ನು ವಿಶದಪಡಿಸಬಹುದು.

ದೂರ ಸರಿದ ನೀರು

ಬೆಂಗಳೂರು ದೊಡ್ಡ ನದಿಯ ದಂಡೆಯ ಮೇಲೆ ಹುಟ್ಟಿದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿ, ದಿಣ್ಣೆಯೊಂದರ ಬೆನ್ನ ಮೇಲೆ ಅದು ಕುಳಿತಿದೆ. ಇಂಥ ನೆಲದಲ್ಲಿ ಜನ ನೆಲೆಸಬೇಕಾದರೆ ಬಿದ್ದ ಮಳೆಯನ್ನು ಹಿಡಿದಿಡುವುದೊಂದೇ ಉಪಾಯ. ಆದುದರಿಂದಲೇ ಕೆಂಪೇಗೌಡರೂ ಅವರ ಹಿಂದಿನವರೂ ಮುಂದಿನವರೂ ಕಣಿವೆಗಳಿಗೆ ಅಡ್ಡಲಾಗಿ ಏರಿಗಳನ್ನು ಹಾಕಿ ಕೆರೆಗಳನ್ನು ಕಟ್ಟಿಸಿದರು. ಈ ಕೆರೆಗಳು ಬಿಡಿಬಿಡಿಯಾದ ಗುಂಡಿಗಳಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹಾರದ ಮಣಿಗಳಂತೆ ಒಂದಕ್ಕೊಂದು ಪೋಣಿಸಿದ ಈ ಏರ್ಪಾಟಿನಲ್ಲಿ ಒಂದು ಕೆರೆಯನ್ನು ಮುಚ್ಚಿದರೆ ಅದರ ಮೇಲಿನದೂ ಕೆಳಗಿನದೂ ಕೆಡುತ್ತವೆ.

೧೮೯೬ರಲ್ಲಿ ಹೆಸರಘಟ್ಟದ ಕೆರೆಯಿಂದ ನಗರಕ್ಕೆ ಕೊಳವೆಯ ನೀರು ಬಂತು. ಅದು ಸಾಲದಾದಾಗ ೧೯೩೩ರಲ್ಲಿ ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯದ ನೀರು ಬಂತು. ೧೯೭೪ರಲ್ಲಿ ಸುಮಾರು ನೂರು ಕಿಲೊಮೀಟರ್ ದೂರದ ಕಾವೇರಿಯ ನೀರು ಬಂತು. ೨೦೨೪ರ ಅಕ್ಟೋಬರಿನಲ್ಲಿ ಅದೇ ಕಾವೇರಿ ಯೋಜನೆಯ ಐದನೆಯ ಹಂತ ಆರಂಭವಾಗಿ ದಿನವೊಂದಕ್ಕೆ ೭೭.೫ ಕೋಟಿ ಲೀಟರ್ ನೀರನ್ನು ಹೆಚ್ಚಾಗಿ ತರುವ ಏರ್ಪಾಟಾಯಿತು. ಪ್ರತಿಯೊಂದು ಹೆಜ್ಜೆಯಲ್ಲೂ ನೀರಿನ ಮೂಲ ಕುಡಿಯುವವನಿಂದ ದೂರ ದೂರ ಸರಿಯುತ್ತ ಹೋದುದನ್ನು ಗಮನಿಸಬೇಕು. ಊರೊಳಗಿನ ಕೆರೆಯ ನೀರು ಕುಡಿಯಲು ಬೇಕಿಲ್ಲವಾದೊಡನೆ ಆ ಕೆರೆಯ ಮೇಲಿದ್ದ ಕಣ್ಣೂ ತಪ್ಪಿತು. ಧರ್ಮಾಂಬುಧಿ ಕೆರೆಯ ಅಂಗಳ ಇಂದು ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕರಗದ ಕಾಲಕ್ಕೆ ಬೇಕಾಗುವ ಒಂದು ಸಣ್ಣ ಕೊಳ ಮಾತ್ರ ಉಳಿದುಕೊಂಡಿದೆ. ಮಕ್ಕಳಿಗೆ ಈ ಚರಿತ್ರೆಯನ್ನು ಹೇಳುವ ಉಪಾಧ್ಯಾಯರು ಹಳೆಯ ನಕಾಶೆಯನ್ನೂ ಹೊಸ ನಕಾಶೆಯನ್ನೂ ಪಕ್ಕಪಕ್ಕದಲ್ಲಿರಿಸಿದರೆ ಸಾಕು, ಉಪನ್ಯಾಸ ಬೇಕಾಗುವುದಿಲ್ಲ.

ಒಂದೇ ಊರು, ಎರಡು ನದಿಗಳು

ಸ್ಕಾಟ್ಲೆಂಡಿನ ಜೀವವಿಜ್ಞಾನಿಯೂ ನಗರಯೋಜಕರೂ ಆಗಿದ್ದ ಪ್ಯಾಟ್ರಿಕ್ ಗೆಡ್ಡೆಸ್ (೧೮೫೪-೧೯೩೨) ಎಂಬವರು ೧೯೧೪ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಅನೇಕ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಅಭ್ಯಸಿಸಿದರು. ಊರನ್ನು ತಿಳಿಯಬೇಕಾದರೆ ಅದು ಕುಳಿತಿರುವ ಕಣಿವೆಯನ್ನು ಬೆಟ್ಟದ ತುದಿಯಿಂದ ಸಮುದ್ರದವರೆಗೆ ಒಟ್ಟಾಗಿ ನೋಡಬೇಕೆಂಬುದು ಅವರ ಬೋಧನೆಯ ಸಾರ. ನಗರದ ಜಲಶಿಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಬೆಂಗಳೂರಿನ ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ಕೋರಮಂಗಲ-ಚಲ್ಲಘಟ್ಟ ಕಣಿವೆಯನ್ನು ಹಿಡಿದು ಬೆಳ್ಳಂದೂರು ಕೆರೆಗೂ ಅಲ್ಲಿಂದ ವರ್ತೂರು ಕೆರೆಗೂ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯಾಗಿ ಹರಿದು ಅರ್ಕಾವತಿಯನ್ನೂ ಅದರೊಡನೆ ಕಾವೇರಿಯನ್ನೂ ಕೂಡುತ್ತದೆ. ಎರಡೂ ನದಿಗಳು ತಮಿಳುನಾಡನ್ನು ಹಾಯ್ದು ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಆದುದರಿಂದ ದಿಣ್ಣೆಯ ನೆತ್ತಿಯ ಮೇಲಿರುವ ಬೀದಿಯೊಂದರಲ್ಲಿ ಎದುರುಬದುರು ಮನೆಗಳ ಮಾಳಿಗೆಯ ನೀರು ಬೇರೆ ಬೇರೆ ನದಿಗಳ ಪಾಲಾಗಬಹುದು.

ಈ ವಿಷಯವನ್ನು ಮಕ್ಕಳು ತಾವೇ ಕಂಡುಹಿಡಿಯಬಲ್ಲರು. ಮಳೆ ನಿಂತ ಕೂಡಲೆ ಶಾಲೆಯ ಅಂಗಳದಲ್ಲಿ ನೀರು ಯಾವ ಕಡೆಗೆ ಹರಿಯುತ್ತದೆಂದು ನೋಡಿ ಬಾಣದ ಗುರುತು ಹಾಕಲಿ. ಮರುದಿನ ಬೀದಿಯ ಮೋರಿಗಳಿಗೆ ಅದೇ ಗುರುತು. ಅನಂತರ ಮೋರಿಯಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ. ಸಮೋನ್ನತಿ ರೇಖೆಗಳಿರುವ ನಕಾಶೆ ಸಿಕ್ಕಿದರೆ ತಮ್ಮ ಬಾಣಗಳನ್ನು ಅದರೊಡನೆ ಹೋಲಿಸಲಿ. ರೇಖೆಗಳನ್ನು ನೀರು ಲಂಬವಾಗಿ ದಾಟಿ ಇಳಿಯುತ್ತದೆಂಬ ಭೂಗೋಳದ ಪಾಠ ಆಗ ಬಾಯಿಪಾಠವಾಗಿ ಉಳಿಯುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವುಂಟು. ಪೂರ್ವಭಾಗದ ಮನೆಯಲ್ಲಿ ಕುಡಿಯುವ ನೀರು ಕಾವೇರಿಯದು. ಅದೇ ಮನೆಯ ಬಚ್ಚಲ ನೀರು ಹೋಗುವುದು ಪಿನಾಕಿನಿಯ ಕಣಿವೆಗೆ. ಹೀಗೆ ನಗರವು ತನಗರಿವಿಲ್ಲದೆಯೇ ಒಂದು ನದಿಯ ನೀರನ್ನು ಇನ್ನೊಂದು ನದಿಗೆ ಸಾಗಿಸುತ್ತಿದೆ. ಈ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ, ೨೦೧೮ರಿಂದ ಅದರ ಒಂದು ಪಾಲನ್ನು ಬರಪೀಡಿತ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪು ಮಾಡಲಾಗುತ್ತಿದೆ. ಬೆಂಗಳೂರಿನ ಮಗು ಕೈತೊಳೆದ ನೀರು ಕೋಲಾರದ ಕೆರೆಯಂಗಳಕ್ಕೆ ಹೋಗಬಹುದೆಂದ ಮೇಲೆ, ಆ ನೀರಿನಲ್ಲಿ ಏನು ಬೆರೆತಿದೆಯೆಂಬ ಪ್ರಶ್ನೆ ಬರಿಯ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುತ್ತದೆಯೆ?

ಲೆಕ್ಕದ ಪಾಠ

"ನೀರನ್ನು ಉಳಿಸಿರಿ" ಎಂದು ಗೋಡೆಯ ಮೇಲೆ ಬರೆಯುವುದು ಸುಲಭ. ಆದರೆ ಉಪದೇಶಕ್ಕಿಂತ ಲೆಕ್ಕ ಹೆಚ್ಚು ಕಾಲ ನೆನಪಿನಲ್ಲುಳಿಯುತ್ತದೆ.

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ಆಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೯೭೦ ಮಿಲಿಮೀಟರ್ ಮಳೆಯಾಗುತ್ತದೆ. ೧೦೦ ಚದರ ಮೀಟರ್ ಮಾಳಿಗೆಯ ಮೇಲೆ ಬೀಳುವ ನೀರು, ಹಾಗಾದರೆ, ೯೭,೦೦೦ ಲೀಟರ್. ಆವಿಯಾಗಿ ಹೋಗುವುದನ್ನೂ ಮೊದಲ ಮಳೆಯಲ್ಲಿ ಧೂಳು ತೊಳೆಯಲು ಬಿಡುವುದನ್ನೂ ಐದರಲ್ಲೊಂದು ಪಾಲೆಂದು ಕಳೆದರೆ ಉಳಿಯುವುದು ೭೭,೬೦೦ ಲೀಟರ್. ನಗರದಲ್ಲಿ ತಲೆಗೆ ದಿನಕ್ಕೆ ೧೩೫ ಲೀಟರ್ ನೀರು ಬೇಕೆಂದು ನಮ್ಮ ದೇಶದ ಯೋಜಕರು ಲೆಕ್ಕ ಹಿಡಿಯುತ್ತಾರೆ. ನಾಲ್ವರಿರುವ ಮನೆಗೆ ಇದು ೫೪೦ ಲೀಟರ್. ಅಂದರೆ ಮಾಳಿಗೆಯ ಮಳೆ ಆ ಮನೆಗೆ ೧೪೩ ದಿನಗಳಷ್ಟಾಯಿತು. ಬೆಂಗಳೂರಿನಲ್ಲಿ ನಿಗದಿಯಾದ ಅಳತೆಯ ಕಟ್ಟಡಗಳು ಮಳೆನೀರನ್ನು ಸಂಗ್ರಹಿಸಲೇಬೇಕೆಂದು ೨೦೦೯ರಲ್ಲಿ ಕಾನೂನು ಮಾಡಿದುದಕ್ಕೆ ಇದೇ ಲೆಕ್ಕ ಆಧಾರ.

ಜಾಣ ವಿದ್ಯಾರ್ಥಿ ಇಲ್ಲಿ ಆಕ್ಷೇಪಿಸಬಹುದು: ಮಳೆ ದಿನಕ್ಕಿಷ್ಟೆಂದು ಹಂಚಿಕೊಂಡು ಬೀಳುವುದಿಲ್ಲವಲ್ಲ? ೫,೦೦೦ ಲೀಟರಿನ ತೊಟ್ಟಿ ಆ ಮಾಳಿಗೆಯಿಂದ ಒಂದೆರಡು ದೊಡ್ಡ ಮಳೆಗೇ ತುಂಬಿಹೋಗುತ್ತದೆಯಲ್ಲ? ಆಕ್ಷೇಪ ಸರಿಯಾದುದು. ಅದರ ಉತ್ತರವೇ ಮುಂದಿನ ಪಾಠ. ತೊಟ್ಟಿ ಹಿಡಿಯಲಾರದ ನೀರನ್ನು ಹಿಡಿದಿಡಬಲ್ಲ ದೊಡ್ಡ ಪಾತ್ರೆಗಳು ಎರಡು: ಕೆರೆ ಮತ್ತು ನೆಲದೊಡಲು. ಕೆರೆಯಲ್ಲಿ ನಿಂತ ನೀರು ಮೆಲ್ಲನೆ ಇಂಗಿ ಅಂತರ್ಜಲವಾಗುತ್ತದೆ, ಇಂಗುಬಾವಿಯಿಂದಲೂ ಹಾಗೆಯೇ. ಕಾಂಕ್ರೀಟು ಟಾರುಗಳಿಂದ ನೆಲದ ಬಾಯನ್ನು ಮುಚ್ಚಿದಷ್ಟೂ ಇಂಗುವ ಪಾಲು ಕಡಮೆಯಾಗಿ ಬೀದಿಯಲ್ಲಿ ಓಡುವ ಪಾಲು ಹೆಚ್ಚುತ್ತದೆ.

ಇನ್ನೊಂದು ಲೆಕ್ಕ ಭೌತಶಾಸ್ತ್ರದ್ದು. ಶಿವನಸಮುದ್ರದ ಸಮೀಪ ಕಾವೇರಿಯಿಂದ ತೆಗೆದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಳಿಸಿ, ಅಲ್ಲಿ, ಹಾರೋಹಳ್ಳಿಯಲ್ಲಿ ಮತ್ತು ತಾತಗುಣಿಯಲ್ಲಿ, ಹೀಗೆ ಮೂರು ಮಜಲುಗಳಲ್ಲಿ ಮೇಲೆತ್ತುತ್ತಾರೆ. ಒಟ್ಟು ಎತ್ತರ ಸುಮಾರು ೫೦೦ ಮೀಟರ್. ಸಾವಿರ ಲೀಟರ್ ನೀರಿನ ರಾಶಿ ೧,೦೦೦ ಕಿಲೊಗ್ರಾಂ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಈ ಮೂರನ್ನೂ ಗುಣಿಸಿದರೆ ೪೯ ಲಕ್ಷ ಜೂಲ್ ಶಕ್ತಿ ಬರುತ್ತದೆ. ಎಂದರೆ ಸುಮಾರು ೧.೩೬ ಯೂನಿಟ್ ವಿದ್ಯುತ್ತು. ಪಂಪಿನಲ್ಲೂ ಕೊಳವೆಯಲ್ಲೂ ಆಗುವ ನಷ್ಟವನ್ನು ಸೇರಿಸಿದರೆ ನಿಜವಾದ ವೆಚ್ಚ ಇನ್ನೂ ಹೆಚ್ಚು. ಸೋರುವ ನಲ್ಲಿಯಿಂದ ನೀರಿನೊಡನೆ ವಿದ್ಯುತ್ತೂ ಸೋರುತ್ತದೆಂಬುದನ್ನು ಇದರಿಂದ ಮಕ್ಕಳು ಮನಗಾಣುವರು.

ನೀರಿನೊಳಗಿನ ಉಸಿರು

ಮನೆಗೆ ಬಂದ ನೀರಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಹೋಗುತ್ತದೆಂದು ಅಂದಾಜು. ಸಂಸ್ಕರಿಸದೆ ಇದನ್ನು ಕೆರೆಗೆ ಬಿಟ್ಟರೆ ಏನಾಗುತ್ತದೆ? ಇದನ್ನರಿಯಬೇಕಾದರೆ ನೀರಿನೊಳಗಿನ ಆಮ್ಲಜನಕದ ವಿಷಯ ತಿಳಿದಿರಬೇಕು.

ಒಂದು ಲೀಟರ್ ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿದೆ. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಶುದ್ಧ ಜಲದಲ್ಲಿ ಕರಗಬಲ್ಲುದು ಹೆಚ್ಚೆಂದರೆ ೮ ಮಿಲಿಗ್ರಾಂ. ಗಾಳಿಯಲ್ಲಿರುವ ನಮಗೆ ದೊರೆಯುವುದರ ಮೂವತ್ತರಲ್ಲೊಂದು ಪಾಲಿನಲ್ಲಿ ಮೀನು ಬದುಕನ್ನು ಸಾಗಿಸುತ್ತದೆ. ಮೀನುಗಳಿಗೆ ತಕ್ಕ ನೀರಿನಲ್ಲಿ ಲೀಟರಿಗೆ ೪ ಮಿಲಿಗ್ರಾಮಾದರೂ ಆಮ್ಲಜನಕವಿರಬೇಕೆಂದು ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತುಪಡಿಸಿದೆ.

ಕೊಳಚೆ ಕೆರೆಗೆ ಬಂದಾಗ ಅದರಲ್ಲಿರುವ ಜೈವಿಕ ಪದಾರ್ಥವನ್ನು ಬ್ಯಾಕ್ಟೀರಿಯಗಳು ತಿಂದು ಅಸಂಖ್ಯವಾಗಿ ವೃದ್ಧಿಯಾಗುತ್ತವೆ. ಈ ಕಾರ್ಯಕ್ಕೆ ನೀರಿನ ಆಮ್ಲಜನಕವನ್ನೇ ಬಳಸುತ್ತವೆ. ಕೊಳಚೆಯ ಸಾರಜನಕ, ರಂಜಕಗಳು ಗೊಬ್ಬರವಾಗಿ ಪಾಚಿ ದಟ್ಟವಾಗಿ ಬೆಳೆಯುತ್ತದೆ. ಹಗಲಿನಲ್ಲಿ ಪಾಚಿ ದ್ಯುತಿಸಂಶ್ಲೇಷಣದಿಂದ ಆಮ್ಲಜನಕವನ್ನು ಬಿಡುಗಡೆ ಮಾಡುವುದೇನೋ ನಿಜ. ಆದರೆ ರಾತ್ರಿಯಲ್ಲಿ ಅದೂ ಉಸಿರಾಡಿ ಆಮ್ಲಜನಕವನ್ನು ಹೀರುವುದಲ್ಲದೆ ಬಿಡುಗಡೆ ಮಾಡುವುದಿಲ್ಲ. ಆದುದರಿಂದ ಇಂಥ ಕೆರೆಯಲ್ಲಿ ಆಮ್ಲಜನಕ ಅತ್ಯಂತ ಕಡಮೆಯಾಗುವುದು ಸೂರ್ಯೋದಯಕ್ಕೆ ಮುಂಚೆ. ಮೀನುಗಳು ಸತ್ತು ತೇಲುತ್ತಿರುವ ಸುದ್ದಿ ಬಹುಮಟ್ಟಿಗೆ ಬೆಳಗಿನ ಹೊತ್ತೇ ಬರುವುದಕ್ಕೆ ಇದು ಕಾರಣ. ಬೇಸಗೆಯಲ್ಲಿ ಅಪಾಯ ಇನ್ನೂ ಹೆಚ್ಚು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ. ೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ನಗರವೆಲ್ಲ ನೋಡಿತು.

ಬೆಳ್ಳಂದೂರು ಕೆರೆಯ ನೊರೆಯ ಕಥೆ ಇನ್ನೊಂದು ಬಗೆಯದು. ಸುಮಾರು ೯೦೦ ಎಕರೆ ವಿಸ್ತಾರದ ಈ ಕೆರೆಯ ಕೋಡಿಯಲ್ಲಿ ೨೦೧೫ರ ಸುಮಾರಿನಲ್ಲಿ ಎದ್ದ ಬಿಳಿಯ ನೊರೆ ಗಾಳಿಗೆ ಹಾರಿ ರಸ್ತೆಯ ವಾಹನಗಳ ಮೇಲೆ ಬೀಳುತ್ತಿತ್ತು. ಬಟ್ಟೆ ಒಗೆಯುವ ಮಾರ್ಜಕದ ಅಣುವಿಗೆ ಒಂದು ತುದಿ ನೀರನ್ನು ಬಯಸುವುದು, ಇನ್ನೊಂದು ತುದಿ ನೀರನ್ನು ಒಲ್ಲದುದು. ಇಂಥ ಅಣುಗಳು ಗುಳ್ಳೆಯ ಗೋಡೆಯಲ್ಲಿ ಸಾಲಾಗಿ ನಿಂತು ಅದು ಬೇಗ ಒಡೆಯದಂತೆ ತಡೆಯುತ್ತವೆ. ಕೋಡಿಯಲ್ಲಿ ನೀರು ಧುಮುಕಿ ಗಾಳಿಯೊಡನೆ ಕಲೆತಾಗ ನೊರೆ ಏಳುತ್ತದೆ. ಅದು ಎಲ್ಲಿಂದಲೋ ಬಂದ ಪಿಡುಗಲ್ಲ. ಸಾವಿರಾರು ಮನೆಗಳ ಬಟ್ಟೆಯ ಬಕೆಟುಗಳು ಒಂದೆಡೆ ಸೇರಿದ ಫಲ.

ಕೆರೆಯ ದಂಡೆಯಲ್ಲಿ

ಮೇಲಿನ ಸಂಗತಿಗಳನ್ನು ಬೆಲೆಬಾಳುವ ಉಪಕರಣಗಳಿಲ್ಲದೆ ಮಕ್ಕಳು ಪರೀಕ್ಷಿಸಬಹುದು. ನಿಯಮಗಳು ಮೂರು: ಮಕ್ಕಳು ನೀರಿಗೆ ಇಳಿಯಕೂಡದು, ನೀರನ್ನು ಉಪಾಧ್ಯಾಯರೇ ದಂಡೆಯಿಂದ ಹಗ್ಗ ಕಟ್ಟಿದ ಬಕೆಟಿನಲ್ಲಿ ಎತ್ತಬೇಕು, ಕೈಗವಸು ಧರಿಸಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.

ಮೊದಲನೆಯದು ನೊರೆಯ ಪರೀಕ್ಷೆ. ಎರಡು ಸೀಸೆಗಳಲ್ಲಿ ನಲ್ಲಿಯ ನೀರನ್ನೂ ಕೆರೆಯ ನೀರನ್ನೂ ಅರ್ಧ ತುಂಬಿ ಬಿರಡೆ ಹಾಕಿ ಒಂದೇ ಸಮನಾಗಿ ಕುಲುಕಬೇಕು. ನಲ್ಲಿ ನೀರಿನ ಗುಳ್ಳೆಗಳು ಕ್ಷಣಾರ್ಧದಲ್ಲಿ ಒಡೆಯುತ್ತವೆ. ಮಾರ್ಜಕ ಬೆರೆತ ನೀರಿನ ನೊರೆ ಬಹಳ ಹೊತ್ತು ನಿಲ್ಲುತ್ತದೆ.

ಎರಡನೆಯದು ಬಣ್ಣದ ಪರೀಕ್ಷೆ. ಎರಡು ಸೀಸೆಗಳನ್ನು ಗಾಳಿಗುಳ್ಳೆ ಉಳಿಯದಂತೆ ಕಂಠದವರೆಗೂ ತುಂಬಿ, ಒಂದೊಂದಕ್ಕೂ ಮೆಥಿಲೀನ್ ನೀಲಿಯ ದುರ್ಬಲ ದ್ರಾವಣದ ಸಮಸಂಖ್ಯೆಯ ಹನಿಗಳನ್ನು ಹಾಕಿ, ಬಿರಡೆಯಿಂದ ಭದ್ರಪಡಿಸಿ ಕತ್ತಲೆಯಲ್ಲಿಡಬೇಕು. ಬ್ಯಾಕ್ಟೀರಿಯಗಳು ನೀರಿನ ಆಮ್ಲಜನಕವನ್ನು ಮುಗಿಸಿದ ಮೇಲೆ ನೀಲಿ ಬಣ್ಣ ಅಳಿಯುತ್ತದೆ. ಕೊಳಚೆ ಹೆಚ್ಚಿದಷ್ಟೂ ಬಣ್ಣ ಬೇಗ ಹೋಗುತ್ತದೆ. ಯಾವ ಸೀಸೆ ಎಷ್ಟು ದಿನದಲ್ಲಿ ಬಿಳುಪಾಯಿತೆಂದು ಬರೆದಿಟ್ಟರೆ, ಪ್ರಯೋಗಶಾಲೆಗಳಲ್ಲಿ ಅಳೆಯುವ 'ಜೀವರಾಸಾಯನಿಕ ಆಮ್ಲಜನಕ ಬೇಡಿಕೆ' ಎಂಬುದರ ಅರ್ಥ ತಾನಾಗಿಯೇ ತಿಳಿಯುತ್ತದೆ.

ಮೂರನೆಯದು ಜೀವಿಗಳ ಸಮೀಕ್ಷೆ. ಬಿಳಿಯ ತಟ್ಟೆಗೆ ದಂಡೆಯ ನೀರನ್ನು ಸುರಿದು ಮಸೂರದಿಂದ ನೋಡಬೇಕು. ಮೇಫ್ಲೈ ಎಂಬ ಕೀಟದ ಮರಿ ಸಿಕ್ಕಿದರೆ ಸಂತೋಷಪಡಬಹುದು. ಆಮ್ಲಜನಕ ಸಾಲದ ನೀರಿನಲ್ಲಿ ಅದು ಬಾಳದು. ಅದಕ್ಕೆ ಬದಲು ಕೆಂಪು ದಾರದ ತುಂಡುಗಳಂತಿರುವ ನೊಣದ ಜಾತಿಯ ಮರಿಹುಳುಗಳೇ ಎಲ್ಲೆಲ್ಲೂ ಕಂಡರೆ ನೀರು ಕೆಟ್ಟಿದೆಯೆಂದು ಶಂಕಿಸಬೇಕು. ನಮ್ಮ ನೆತ್ತರಿನಲ್ಲಿರುವಂಥ ಹಿಮೊಗ್ಲೋಬಿನ್ ಅವುಗಳ ಮೈಯಲ್ಲೂ ಇರುವುದರಿಂದ ಅತ್ಯಲ್ಪ ಆಮ್ಲಜನಕವನ್ನೂ ಅವು ಹಿಡಿದುಕೊಳ್ಳಬಲ್ಲವು. ಒಂದು ದಿನದ ರಾಸಾಯನಿಕ ಪರೀಕ್ಷೆ ಆ ದಿನದ ನೀರಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ವಾರಗಟ್ಟಲೆ ಅಲ್ಲಿಯೇ ಬಾಳಿದ ಹುಳು ಅಷ್ಟೂ ದಿನಗಳ ಸಾಕ್ಷಿ ಹೇಳುತ್ತದೆ. ಮೇಲೆ ಹಾರುವ ಮಿಂಚುಳ್ಳಿ, ಮುಳುಗಿ ಏಳುವ ಗುಳುಮುಳುಕ, ದಡದ ಕೊಳದ ಬಕ ಇವುಗಳ ಎಣಿಕೆಯನ್ನೂ ತಿಂಗಳಿಗೊಮ್ಮೆ ಬರೆದಿಡಬಹುದು.

ಉಪಕರಣಗಳಷ್ಟೇ ಮುಖ್ಯರಾದವರು ಅನುಭವಸ್ಥರು. ಹಿಂದೆ ಕೆರೆಯ ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರಗಂಟಿಯ ಮನೆತನದವರು ನಗರದೊಳಗೆ ಸೇರಿಹೋದ ಎಷ್ಟೋ ಹಳ್ಳಿಗಳಲ್ಲಿ ಇನ್ನೂ ಇರಬಹುದು. ಬಾವಿ ತೋಡುವ ಕಸುಬಿನವರು ಮಣ್ಣಿನ ಬಣ್ಣ ನೋಡಿ ನೀರಿನ ಆಳ ಊಹಿಸಬಲ್ಲರು. ಇಂಥವರನ್ನು ತರಗತಿಗೆ ಕರೆತಂದು ಅವರಿಂದ ಪಾಠ ಹೇಳಿಸುವುದು ಶಾಲೆಗೆ ಗೌರವ. ಮಳೆನೀರಿನ ಸಂಗ್ರಹಣವನ್ನು ಮಾದರಿಗಳ ಮೂಲಕ ತೋರಿಸುವ ಉದ್ಯಾನವೊಂದನ್ನು ಜಯನಗರದಲ್ಲಿ ಬೆಂಗಳೂರು ಜಲಮಂಡಲಿ ನಿರ್ಮಿಸಿದೆ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯನ್ನು ನಗರಪಾಲಿಕೆ ಸುತ್ತಣ ನಿವಾಸಿಗಳೊಡನೆ ಕೂಡಿ ಪುನರುದ್ಧಾರ ಮಾಡಿದ ಮೇಲೆ ಅಲ್ಲಿ ಕೆರೆಹಬ್ಬಗಳೂ ನಡೆದಿವೆ. ಕೆಟ್ಟ ಕೆರೆಯನ್ನು ತೋರಿಸಿದ ಉಪಾಧ್ಯಾಯರು ಸುಧಾರಿಸಿದ ಕೆರೆಯನ್ನೂ ತೋರಿಸುವುದು ಅವಶ್ಯ. ಬರಿಯ ಭಯ ಹುಟ್ಟಿಸುವ ವಿದ್ಯೆ ಮಕ್ಕಳನ್ನು ಕೈಚೆಲ್ಲಿ ಕೂರುವಂತೆ ಮಾಡುತ್ತದೆ.

ಇದೆಲ್ಲ ಏತಕ್ಕೆ?

೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಮಳೆಗೆ ಮುಳುಗಿದವು. ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಒಂದೂವರೆ ವರ್ಷ ಕಳೆಯುವುದರೊಳಗೆ, ೨೦೨೩ರ ಮುಂಗಾರು ಸರಿಯಾಗಿ ಆಗದೆ, ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಅದೇ ನಗರ ಟ್ಯಾಂಕರುಗಳಿಗಾಗಿ ಕಾಯಿತು. ಕುಡಿಯುವ ನೀರಿನಿಂದ ವಾಹನ ತೊಳೆದರೆ ೫,೦೦೦ ರೂಪಾಯಿ ದಂಡವೆಂದು ಜಲಮಂಡಲಿ ಆಜ್ಞೆ ಹೊರಡಿಸಿತು. ಪ್ರವಾಹವೂ ಬರವೂ ಪರಸ್ಪರ ವಿರುದ್ಧವೆಂದು ತೋರಬಹುದು. ಆದರೆ ಕಿರಿದಾದ ರಾಜಕಾಲುವೆ, ಮುಚ್ಚಿಹೋದ ಕೆರೆ, ಇಂಗಲೆಡೆಯಿಲ್ಲದ ನೆಲ, ಇವು ಮಳೆಗಾಲದಲ್ಲಿ ನೀರನ್ನು ಬೀದಿಗೆ ನುಗ್ಗಿಸುತ್ತವೆ. ಅಂದು ಇಂಗದೆ ಹರಿದುಹೋದ ನೀರೇ ಬೇಸಗೆಯಲ್ಲಿ ಬಾವಿಗೆ ಸಾಲದಾಗುತ್ತದೆ.

ಇನ್ನು ಕೆಲವು ವರ್ಷಗಳಲ್ಲಿ ಇಂದಿನ ವಿದ್ಯಾರ್ಥಿಗಳೇ ಮನೆ ಕಟ್ಟುವರು, ರಸ್ತೆಯ ನಕ್ಷೆ ಬರೆಯುವರು, ನಗರಸಭೆಯಲ್ಲಿ ಮತ ಹಾಕುವರು. ಒಣಗಿ ಬಿದ್ದಿರುವ ತಗ್ಗು ಕೆಲಸಕ್ಕೆ ಬಾರದ ಜಾಗವೋ, ಹತ್ತು ವರ್ಷಕ್ಕೊಮ್ಮೆಯಾದರೂ ನೀರು ಬೇಡುವ ದಾರಿಯೋ ಎಂಬುದನ್ನು ಗುರುತಿಸುವ ಕಣ್ಣು ಆಗ ಅವರಿಗೆ ಬೇಕಾಗುತ್ತದೆ. ಆ ಕಣ್ಣು ಭಾಷಣದಿಂದ ಬರುವುದಿಲ್ಲ. ಬಾಣ ಹಾಕಿದ ನಕಾಶೆಯಿಂದ, ಅಳೆದ ಮಳೆಯಿಂದ, ಬಣ್ಣ ಕಳೆದುಕೊಂಡ ಸೀಸೆಯಿಂದ ಬರುತ್ತದೆ.

ಆದುದರಿಂದ ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಬರುವ ತಿಂಗಳಿನೊಳಗೆ ಮೂರು ಪ್ರಶ್ನೆಗಳಿಗೆ ಉತ್ತರವನ್ನು ತಾವಾಗಿಯೇ ಕಂಡುಕೊಳ್ಳಲಿ. ನಿಮ್ಮ ಮನೆಯ ನಲ್ಲಿಗೆ ಯಾವ ನದಿಯ ಅಥವಾ ಯಾವ ಬಾವಿಯ ನೀರು ಬರುತ್ತದೆ? ನಿಮ್ಮ ಮಾಳಿಗೆಯ ಮಳೆ ಯಾವ ಕೆರೆಯ ಪಾಲು? ನಿಮ್ಮ ಬಚ್ಚಲ ನೀರನ್ನು ಎಲ್ಲಿ ಸಂಸ್ಕರಿಸುತ್ತಾರೆ? ಮನೆಯ ಹಿರಿಯರನ್ನೂ ನೀರು ಬಿಡುವ ನೌಕರರನ್ನೂ ಕೇಳಿರಿ. ಉತ್ತರ ಸಿಕ್ಕದಿದ್ದರೆ ಮೋರಿಯ ಜಾಡು ಹಿಡಿದು ನಡೆಯಿರಿ.